ತಾತನ ಸಿನಿಮಾ ಪಟ್ಟಿ: ದಯವಿಟ್ಟು ‘ರಿಸ್ಟೋರ್’ ಒತ್ತಬೇಡಿ

ಶಿವಮೊಗ್ಗ ಅತ್ತೆ: ಗೂಗಲ್ ಶೀಟ್ಸಲ್ಲಿರೋ ಅಪ್ಪನ ಸಿನಿಮಾ ಪಟ್ಟಿ ಯಾರು ಮುಟ್ಟಿದ್ರು? ‘ನಾಗರಹಾವು’ ಒಂದೇ ಇದೆ. 2002ರದ್ದು ಕಾಣ್ತಾನೇ ಇಲ್ಲ.

ಚಿಕ್ಕಪ್ಪ: ನಾನೇ ಅಕ್ಕ, ಭಾನುವಾರ ಕ್ಲೀನ್ ಮಾಡಿದೆ. ಒಂದೇ ಹೆಸರು ಎರಡೆರಡು, ಮೂರ್ಮೂರು ಸಲ ಇತ್ತು. ‘ರಿಮೂವ್ ಡುಪ್ಲಿಕೇಟ್ಸ್’ ಕೊಟ್ಟೆ.

ಶಿವಮೊಗ್ಗ ಅತ್ತೆ: ಹೆಸರು ಒಂದೇ ಆದ್ರೆ ಸಿನಿಮಾನೂ ಒಂದೇನಾ? 1972ರದ್ದು ಪುಟ್ಟಣ್ಣ ಕಣಗಾಲರದ್ದು. 2002ರದ್ದು ಉಪೇಂದ್ರ ನಟಿಸಿದ್ದು, ಕಥೆನೇ ಬೇರೆ. ಅಪ್ಪ ಎರಡನ್ನೂ ದುಡ್ಡು ಕೊಟ್ಟು ತಂದಿಟ್ಟಿದ್ರು.

ನಾನು: ವಿಸಿಡಿಗಳದ್ದು ಇನ್ನೂ ದೊಡ್ಡ ತೊಂದ್ರೆ ಅತ್ತೆ. ಒಂದು ವಿಸಿಡೀಲಿ 74–80 ನಿಮಿಷ ಅಷ್ಟೇ ಹಿಡಿಸೋದು, ಅದಕ್ಕೇ ಒಂದು ಸಿನಿಮಾಗೆ ಎರಡು ಮೂರು ಡಿಸ್ಕ್. ತಾತ ಪ್ರತಿ ಡಿಸ್ಕಿಗೂ ಬೇರೆ ಸಾಲು ಬರೆಸಿದ್ರು. ಚಿಕ್ಕಪ್ಪ ಹೆಸರಿನ ಕಾಲಂ ಮಾತ್ರ ಟಿಕ್ ಮಾಡಿದ್ದಾರೆ. ಶೀಟ್ಸ್ ಮೊದಲ ಸಾಲು ಉಳಿಸ್ಕೊಂಡು ಮಿಕ್ಕಿದ್ದೆಲ್ಲ ತೆಗೆದುಹಾಕಿದೆ. ಎರಡನೇ ಡಿಸ್ಕ್ ಯಾರ ಮನೇಲಿದೆ ಅಂತ ತಾತ ಬರೆಸಿದ್ದ ಷರಾನೂ ಹೋಯ್ತು.

ಚಿಕ್ಕಪ್ಪ: ಇಷ್ಟಕ್ಕೆ ಯಾಕಮ್ಮಾ ಗಲಾಟೆ? ಶೀಟಿನ ಹಳೇ ಪ್ರತಿಗಳಿರೋ ವರ್ಷನ್ ಹಿಸ್ಟರಿಗೆ ಹೋಗಿ ಶನಿವಾರದ್ದು ರಿಸ್ಟೋರ್ ಮಾಡ್ತೀನಿ, ಮುಗೀತು.

ನಾನು: ಬೇಡ ಚಿಕ್ಕಪ್ಪ, ಒತ್ತಬೇಡಿ! ಇಡೀ ಶೀಟೇ ಶನಿವಾರಕ್ಕೆ ಹೋಗುತ್ತೆ. ಸೋಮವಾರದಿಂದ ಅತ್ತೆ ಕೂತು ಹಾಕಿರೋ ವಿಎಚ್‌ಎಸ್ ಕ್ಯಾಸೆಟ್‌ಗಳು ಒಂದೂ ಇರಲ್ಲ.

ಅಣ್ಣ: ಪೂರ್ತಿ ಏನೂ ಹೋಗಲ್ಲ ಕಣೇ. ಈಗಿನದ್ದೂ ಹಿಸ್ಟರೀಲಿ ಉಳಿದಿರುತ್ತೆ. ಅತ್ತೆದು ಆಮೇಲೆ ಸೇರಿಸಿದ್ರಾಯ್ತು.

ನಾನು: ಉಳಿಯುತ್ತೆ, ಒಪ್ಪಿದೆ. ಆದ್ರೆ ಅತ್ತೆ ಹೊಸ ಸಾಲಷ್ಟೇ ಹಾಕಿಲ್ಲ. ಹಳೇ ಸಾಲುಗಳಲ್ಲೂ ಅಲ್ಲಲ್ಲಿ ‘ಬೂಷ್ಟು ಹಿಡಿದಿದೆ’, ‘ಓಡಲ್ಲ’ ಅಂತ ಬರೆದಿದ್ದಾರೆ. ಅದನ್ನ ಒಂದೊಂದಾಗಿ ಹುಡುಕಿ ಮತ್ತೆ ಬರೆಯೋರು ಯಾರು? ಹೋದ ಸಾಲಷ್ಟೇ ತರೋಣ.

ಶಿವಮೊಗ್ಗ ಅತ್ತೆ: ಒಂದೊಂದು ಕ್ಯಾಸೆಟ್ ಹಾಕಿ ನೋಡಿ ಬರೆದಿದ್ದೀನಿ. ಅದಕ್ಕೆ ಕೈ ಹಾಕಬೇಡಿ.

ಚಿಕ್ಕಪ್ಪ: ಹೇಗೆ ತರ್ತೀಯ, ಅದನ್ನ ಹೇಳು.

ನಾನು: ಲ್ಯಾಪ್‌ಟಾಪಲ್ಲಿ ಶನಿವಾರದ ವರ್ಷನ್ ಪಕ್ಕ ಮೂರು ಚುಕ್ಕೆ ಇರುತ್ತೆ, ಅಲ್ಲಿ ‘ಮೇಕ್ ಎ ಕಾಪಿ’. ಈಗಿನ ಶೀಟಿಗೆ ಏನೂ ಆಗಲ್ಲ. ಆ ಕಾಪಿಯನ್ನ ನಮ್ಮ ಶೀಟಲ್ಲೇ ಇನ್ನೊಂದು ಟ್ಯಾಬಾಗಿ ತರ್ತೀನಿ. ತಾತ ಕವರ್ ಮೇಲೆ ಸ್ಕೆಚ್ ಪೆನ್ನಲ್ಲಿ ಹಾಕಿದ ನಂಬರ್ ಪ್ರತಿ ಸಾಲಲ್ಲೂ ಇದೆ, ಒಂದರದ್ದು ಇನ್ನೊಂದಕ್ಕಿಲ್ಲ. ಕೌಂಟ್‌ಇಫ್ ಅನ್ನೋ ಎಣಿಸೋ ಸೂತ್ರ ಹಾಕಿ ಆ ನಂಬರ್ ಈಗಿನ ಪಟ್ಟೀಲಿ ಎಷ್ಟು ಸಲ ಇದೆ ಅಂತ ನೋಡಿದ್ರೆ, 0 ಬಂದದ್ದೆಲ್ಲ ಹೋದ ಸಾಲು. ಅಷ್ಟನ್ನೇ ಅಂಟಿಸಿ ನಂಬರ್ ಪ್ರಕಾರ ಜೋಡಿಸ್ತೀನಿ.

ಅಣ್ಣ: ಅತ್ತೆ ಬೇಕಂತಲೇ ಅಳಿಸಿದ್ದು ಏನಾದ್ರೂ ಇದ್ರೆ? ಅದೂ ವಾಪಸ್ ಬರುತ್ತೆ ನೋಡು.

ಶಿವಮೊಗ್ಗ ಅತ್ತೆ: ನಾನು ಒಂದು ಸಾಲೂ ಅಳಿಸಿಲ್ಲ. ಓಡದೇ ಇರೋದನ್ನೂ ಹಾಗೇ ಬಿಟ್ಟಿದ್ದೀನಿ.

ನಾನು: ಹಾಗಾದ್ರೆ ಇವತ್ತೇ ಮಾಡ್ತೀನಿ. ಇನ್ಮೇಲೆ ಎಡಿಟ್ ಅತ್ತೆ ಒಬ್ರಿಗೇ ಇರಲಿ, ಮಿಕ್ಕವರು ನೋಡಿದ್ರೆ ಸಾಕು.

ಚಿಕ್ಕಪ್ಪ: ಅದು ಮಾತ್ರ ಆಗಲ್ಲ. ಅಪ್ಪ ಹೇಳ್ತಿದ್ರು, ನಾನು ಟೈಪ್ ಮಾಡ್ತಿದ್ದೆ. ಅರ್ಧ ಪಟ್ಟಿ ನನ್ನ ಕೈಯದ್ದು. ಅದನ್ನ ಬರೀ ನೋಡ್ಕೊಂಡಿರು ಅಂದ್ರೆ ಹೇಗಮ್ಮಾ?

ಶಿವಮೊಗ್ಗ ಅತ್ತೆ: ಅವನಿಗೂ ಇರಲಿ ಬಿಡು ಪುಟ್ಟಿ. ಆದ್ರೆ ಅಳಿಸೋ ಮುಂಚೆ ಈ ಗ್ರೂಪಲ್ಲಿ ಒಂದು ಮಾತು ಹಾಕು ಕಣೋ.

ಚಿಕ್ಕಪ್ಪ: ಆಯ್ತಕ್ಕ. ವಾಪಸ್ ಬಂದ ನಂಬರ್‌ಗಳನ್ನ ಇಲ್ಲಿ ಹಾಕಮ್ಮಾ, ನನ್ನ ಬೀರೂಲಿರೋ ಡಿಸ್ಕ್ ತೆಗೆದು ತಾಳೆ ನೋಡ್ತೀನಿ.