ಪದಚರ್ಚೆ: ಕ್ಯಾಂಪರ್ ವ್ಯಾನಿನ ‘ಫ್ರೆಶ್ ವಾಟರ್ ಟ್ಯಾಂಕಿ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ನಾನು ಸಿಂಧನೂರಿನವನು. ಗೆಳೆಯರ ಜೊತೆ ಸೇರಿ ಒಂದು ಹಳೇ ವ್ಯಾನನ್ನು ಸಜ್ಜು ಮಾಡುತ್ತಿದ್ದೇನೆ. ಊರೂರು ಸುತ್ತಬೇಕು, ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಈಗ ನೀರಿನ ಕೆಲಸ ಶುರುವಾಗಿದೆ. ನಕ್ಷೆ ಕನ್ನಡದಲ್ಲೇ ಇರಲಿ, ಟ್ಯಾಂಕು ಪೈಪುಗಳ ಮೇಲೂ ಕನ್ನಡದ ಸ್ಟಿಕ್ಕರೇ ಇರಲಿ ಅಂತ ನನ್ನ ಆಸೆ. ಹಾಗಾಗಿ ನಿಮ್ಮ ಸಹಾಯ ಬೇಕು.

ವ್ಯವಸ್ಥೆ ಸರಳ. ಸೀಟಿನ ಕೆಳಗೆ 40 ಲೀಟರಿನ ಟ್ಯಾಂಕು, ಅಂದರೆ ತುಂಬಿದಾಗ ನೀರಿನ ತೂಕವೇ 40 ಕೆಜಿ. ಅಲ್ಲಿಂದ ಹೊರಟ ಪೈಪಿಗೆ ಮೊದಲು ಜಾಲರಿ, ಆಮೇಲೆ 12 ವೋಲ್ಟಿನ ಪುಟ್ಟ ಪಂಪು, ಕೊನೆಗೆ ಸಿಂಕಿನ ನಳ. ನಮ್ಮ ಕಡೆ ಹತ್ತಿಗೆ, ಮೆಣಸಿನಕಾಯಿಗೆ ಎಣ್ಣೆ (ಕೀಟನಾಶಕ) ಹೊಡೆಯುವ ಬ್ಯಾಟರಿ ಪಂಪಿನೊಳಗೆ ಇರುವುದೂ ಇದೇ ಜಾತಿಯದ್ದು. ನಳ ತಿರುಗಿಸಿದರೆ ಪೈಪಿನೊಳಗಿನ ಒತ್ತಡ ಇಳಿದು ಪಂಪು ತಾನೇ ಚಾಲೂ ಆಗುತ್ತದೆ, ನಳ ಬಂದ್ ಮಾಡಿದರೆ ತಾನೇ ನಿಲ್ಲುತ್ತದೆ. ಹಾಗಂತ ವಿಷ ಹಾಯ್ದ ಹಳೇ ಪಂಪನ್ನು ಯಾರೂ ಇಂಥ ಕೆಲಸಕ್ಕೆ ಹಾಕಬೇಡಿ, ಎಷ್ಟು ತೊಳೆದರೂ ಬೇಡ. ಟ್ಯಾಂಕಿನ ಮೇಲೆ ಗಾಳಿ ಆಡೋಕೆ ಒಂದು ಸಣ್ಣ ಪೈಪು ಬೇಕೇ ಬೇಕು. ಇಲ್ಲದಿದ್ದರೆ ಪಂಪು ಎಳೆದ ಹಾಗೆಲ್ಲ ಪ್ಲಾಸ್ಟಿಕ್ ಟ್ಯಾಂಕು ಒಳಕ್ಕೆ ಸೊಟ್ಟಗಾಗುತ್ತದೆ. ಸಿಂಕಿನಿಂದ ಇಳಿಯುವ ನೀರಿಗೆ ಬೇರೆಯೇ ಕ್ಯಾನು.

ಈ ಟ್ಯಾಂಕು, ಈ ಕ್ಯಾನು, ಎರಡಕ್ಕೂ ಹೆಸರು ಬೇಕು. ಪೈಪು ಹಿಡಿದು ತುಂಬಿಸಲು ಬಂದವರು ಯಾರೇ ಆಗಲಿ, ಓದಿದ ಕೂಡಲೇ ಯಾವ ಬಾಯಿ ಯಾವುದು ಅಂತ ತಿಳಿಯಬೇಕು.

ಮೊದಲು ಹೊಳೆದದ್ದು ‘ಸಿಹಿನೀರು’. ಪಾಠದ ಪುಸ್ತಕದಲ್ಲಿ ಅದೇ ಇದೆ, ಸಿಹಿನೀರಿನ ಮೀನು ಅಂತೀವಲ್ಲ. ಆದರೆ ನಮ್ಮ ಕಡೆ ಆ ಪದಕ್ಕೆ ಬೇರೆಯೇ ಖಚಿತ ಅರ್ಥ ಇದೆ. ಬೋರು ಕೊರೆಸಿದರೆ ಎಷ್ಟೋ ಕಡೆ ಸವುಳು ನೀರು ಬರುತ್ತದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಹಾಗಾಗಿ ಯಾವ ಬಾವಿ ಸೀ ನೀರಿನದು ಅಂತ ಊರಿಗೇ ಗೊತ್ತಿರುತ್ತದೆ. ನನ್ನ ಟ್ಯಾಂಕಿಗೆ ದಾರಿಯಲ್ಲಿ ಯಾವ ನೀರು ಸಿಗುತ್ತದೋ ಅದೇ. ಸವುಳು ನೀರು ತುಂಬಿಸಿ ಮೇಲೆ ‘ಸಿಹಿನೀರು’ ಅಂತ ಬರೆದರೆ ಸುಳ್ಳಾಗುತ್ತದೆ.

‘ಶುದ್ಧ ನೀರು’ ಅಂದರೆ ಈಗ ಹಳ್ಳಿಯವರ ಕಣ್ಣ ಮುಂದೆ ಬರುವುದು ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿ 20 ಲೀಟರಿನ ಕ್ಯಾನಿಗೆ ಹಿಡಿದು ತರುವ ಫಿಲ್ಟರ್ ನೀರು. ‘ಹೊಸ ನೀರು’ ಅಂತೂ ಆಗುವುದೇ ಇಲ್ಲ. ಮಳೆಗಾಲದಲ್ಲಿ ಹೊಳೆಗೆ ಮೊದಲು ಬರುವ ಕೆಂಪು ಬಗ್ಗಡದ ನೀರಿಗೆ ಹೊಸ ನೀರು ಅಂತೀವಿ. ‘ತಾಜಾ ನೀರು’ ಪದಕ್ಕೆ ಪದ ಇಟ್ಟ ಹಾಗಿದೆ, ಯಾರ ಬಾಯಲ್ಲೂ ನಾನು ಕೇಳಿಲ್ಲ.

‘ಕುಡಿಯೋ ನೀರು’, ‘ಬಳಕೆ ನೀರು’ ಜೋಡಿ ಮನೆಗೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಎರಡಕ್ಕೂ ಬೇರೆ ಬೇರೆ ಕೊಡ. ವ್ಯಾನಿನಲ್ಲಿ ಒಂದೇ ಟ್ಯಾಂಕಿನಿಂದ ಎರಡೂ ಆಗಬೇಕು.

ನನಗೆ ಒಪ್ಪಿಗೆ ಆಗಿರುವುದು ‘ಒಳ್ಳೆ ನೀರು’. ತೆಲುಗಿನವರು ಮಂಚಿ ನೀಳ್ಳು ಅನ್ನುತ್ತಾರೆ, ಬಳ್ಳಾರಿ ರಾಯಚೂರು ಕಡೆ ಆ ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಕನ್ನಡದಲ್ಲೂ ಸಲೀಸಾಗಿ ಬರುತ್ತದೆ. ಸಿಂಕಿನಿಂದ ಇಳಿಯುವ ನೀರಿನ ಕ್ಯಾನಿಗೆ ‘ಬಚ್ಚಲ ನೀರು’. ‘ಮುಸುರೆ ನೀರು’ ಅನ್ನಬಹುದಿತ್ತು, ಆದರೆ ಅದು ಪಾತ್ರೆ ತೊಳೆದ ನೀರು ಮಾತ್ರ, ದನಕ್ಕೂ ಇಡುತ್ತಾರೆ. ಕೈಕಾಲು ಮುಖ ತೊಳೆದ ಸೋಪಿನ ನೀರು ಅದರಲ್ಲಿ ಸೇರುವುದಿಲ್ಲ.

ಮೈಸೂರು, ಮಂಗಳೂರು, ಮಲೆನಾಡಿನವರನ್ನು ಕೇಳಬೇಕಿದೆ. ನಿಮ್ಮ ಕಡೆ ‘ಒಳ್ಳೆ ನೀರು’ ಅಂದರೆ ಇದೇ ಅರ್ಥ ಬರುತ್ತದೆಯೇ? ‘ಬಚ್ಚಲ ನೀರು’ ಅಂದರೆ ಸಿಂಕಿನ ನೀರೂ ಅದರಲ್ಲಿ ಸೇರುತ್ತದೆಯೇ, ಇಲ್ಲಾ ಸ್ನಾನದ್ದು ಮಾತ್ರವೇ?

ಜೊತೆಗೆ ಇನ್ನೊಂದು. ತುಂಬಿದ ಕೊಡ ತುಳುಕುವುದಿಲ್ಲ, ಸರಿ. ಅರ್ಧ ಖಾಲಿಯಾದ ಟ್ಯಾಂಕರಿನ ನೀರು ಮಾತ್ರ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗಿ ಗಾಡಿಯನ್ನೇ ತಳ್ಳುತ್ತದೆ. ಅದನ್ನು ತಡೆಯಲು ಟ್ಯಾಂಕರಿನೊಳಗೆ ಅಡ್ಡಕ್ಕೆ ಬೆಸೆಯುವ ತೂತಿನ ತಗಡಿಗೆ ನಿಮ್ಮ ಊರಿನ ವೆಲ್ಡಿಂಗ್ ಅಂಗಡಿಯವರು ಏನನ್ನುತ್ತಾರೆ? ಅವರ ಬಾಯಿಂದ ಕೇಳಿದ್ದನ್ನೇ ಹಾಗೇ ಬರೆಯಿರಿ, ನಕ್ಷೆಯಲ್ಲಿ ಸೇರಿಸುತ್ತೇನೆ.