ಒಂಬತ್ತನೇ ಕ್ಲಾಸಿನ ಮಗಳಿಗೆ ನರಮೇಧದ ಕತೆ ಹೇಳೋದು ಹೇಗೆ?

ಮಲ್ನಾಡ್_ಅಮ್ಮ:
ಹಿಟ್ಲರ್ ಪಾಠ ಮುಗಿದಿದೆ. "60 ಲಕ್ಷ ಯಹೂದಿಗಳು" ಅಂತ ಒಂದು ಅಂಕದ ಉತ್ತರ ಬಾಯಿಪಾಠ ಆಗಿದೆ, ಅಷ್ಟೇ. ಬದುಕಿ ಉಳಿದವರ ನಿಜವಾದ ಕತೆ ಓದಿಸೋಣ ಅಂದ್ರೆ ಅತ್ತೆ "ಬೇಡ, ರಾತ್ರಿ ಬೆಚ್ಚಿಬೀಳ್ತಾಳೆ" ಅಂತಾರೆ. ತರಗತೀಲಿ ಹೇಳಿಕೊಟ್ಟವರು ಇದ್ದೀರಾ? ಎಲ್ಲಿಂದ ಶುರು ಮಾಡ್ತೀರಿ?

ಸಮಾಜ_ಮೇಷ್ಟ್ರು:
ನಾನು ಕಾಂಬೋಡಿಯಾದ ಚುಮ್ ಮೇ ಅವರಿಂದ ಶುರು ಮಾಡ್ತೀನಿ. ಮೆಕ್ಯಾನಿಕ್. 1975ರ ಏಪ್ರಿಲ್ 17ಕ್ಕೆ ಪೋಲ್ ಪಾಟ್ ಅನ್ನೋ ನಾಯಕನ ಕಮ್ಯುನಿಸ್ಟ್ ಪಡೆ ಖಮೇರ್ ರೂಜ್‌ನವರು ರಾಜಧಾನಿ ನಾಮ್ ಪೆನ್ ಹಿಡಿದು ಊರಿಗೆ ಊರೇ ಖಾಲಿ ಮಾಡಿಸಿದರು. ಆಮೇಲೆ ಇವರನ್ನ ಎಸ್-21 ಅನ್ನೋ ತಮ್ಮ ಜೈಲಿಗೆ ತಂದು, ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಏಜೆಂಟ್ ಅಂತ ಒಪ್ಪಿಕೊಳ್ಳೋ ತನಕ ಹಿಂಸೆ ಕೊಟ್ಟರು. ಟೈಪ್‌ರೈಟರ್, ಹೊಲಿಗೆ ಯಂತ್ರ ರಿಪೇರಿ ಬರುತ್ತೆ ಅಂತ ಗೊತ್ತಾಗಿ ಜೀವ ಉಳಿಯಿತು. ಕೈದಿಗಳ ತಪ್ಪೊಪ್ಪಿಗೆ ಟೈಪ್ ಆಗ್ತಿದ್ದಿದ್ದು ಅಂಥ ಯಂತ್ರಗಳಲ್ಲೇ.

ಅಂಕೋರ್ ದೇವಾಲಯ ನೋಡಲು ಹೋದಾಗ ಆ ಜೈಲಿಗೂ ಹೋಗಿದ್ದೆ. ಮೊದಲು ಅದು ಹೈಸ್ಕೂಲು. ಉದ್ದ ವರಾಂಡ, ಸಾಲಾಗಿ ತರಗತಿ. ಒಳಗೆ ಇಟ್ಟಿಗೆ ಗೋಡೆ ಕಟ್ಟಿ, ಒಬ್ಬ ಕಾಲು ಚಾಚಿದರೆ ಮುಗಿಯಿತು ಅನ್ನುವಷ್ಟು ಗೂಡುಗಳು. ಇನ್ನು ಜೈಲಿನ ಮುಖ್ಯಸ್ಥ ಡುಚ್ ಹಿಂದೆ ಗಣಿತದ ಮೇಷ್ಟ್ರು! (ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನ ಹೇಳಿದ್ರೆ ಯಾರಿಗೂ ಇಷ್ಟ ಆಗಲ್ಲ.) ಕಾವಲುಗಾರರಲ್ಲಿ ಬಹಳಷ್ಟು ಜನ ಹದಿಹರೆಯದ ಹುಡುಗರು. ಇಲ್ಲಿಗೆ ಬಂದಾಗ ಮಕ್ಕಳ ಪ್ರಶ್ನೆಯೇ ಬೇರೆ ಆಗುತ್ತೆ: "ಅವರು ಆಗಲ್ಲ ಅಂದಿದ್ರೆ?" ಅನುಮಾನ ಬಂದ ಕಾವಲುಗಾರರನ್ನೂ ಅದೇ ಜೈಲಿಗೆ ಹಾಕಿ ಕೊಂದಿದ್ದಾರೆ ಅಂತ ಹೇಳ್ತೀನಿ. ಆಮೇಲೆ ಅವರವರೇ ವಾದ ಮಾಡ್ಕೋತಾರೆ, ನಾನು ಸುಮ್ನಿರ್ತೀನಿ.

ಚಿತ್ರಹಿಂಸೆಯ ವಿವರಕ್ಕೆ ಹೋಗಲ್ಲ. "ನೀನು ಕೈದಿ, ನೀನು ಪೊಲೀಸ್" ಅಂತ ನಾಟಕ ಆಡಿಸೋದಂತೂ ಬೇಡವೇ ಬೇಡ.

ಒಂದು ಎಚ್ಚರ. ಬದುಕಿ ಉಳಿದವರ ಕತೆ ಮಾತ್ರ ಕೇಳಿದ ಮಕ್ಕಳು, ಜಾಣರು, ಧೈರ್ಯ ಇದ್ದವರು ಪಾರಾಗ್ತಾರೆ ಅಂದ್ಕೋತಾರೆ. ಎಸ್-21ಕ್ಕೆ ಹೋದವರು 12 ಸಾವಿರಕ್ಕೂ ಹೆಚ್ಚು, ಉಳಿದವರು ಬೆರಳೆಣಿಕೆ. ಒಳಗೆ ಬಂದವರ ಫೋಟೋ ತೆಗೆದಿಡ್ತಿದ್ದರು, ಅವು ಈಗ ಮ್ಯೂಸಿಯಂ ಆಗಿರೋ ಆ ಜೈಲಿನ ಗೋಡೆ ತುಂಬಾ ಇವೆ. ಅವರಲ್ಲಿ ಜಾಣರು ಇರಲಿಲ್ವಾ? 1979ರ ಜನವರಿಯಲ್ಲಿ ಚುಮ್ ಮೇ ಹೊರಬಂದಾಗ ಹೆಂಡತಿ, ಎಳೆಗೂಸು ಸಿಕ್ಕಿದ್ದರು. ಆ ಓಡಾಟದಲ್ಲೇ ಖಮೇರ್ ರೂಜ್ ಸೈನಿಕರು ಇಬ್ಬರನ್ನೂ ಗುಂಡಿಟ್ಟು ಕೊಂದರು. ನಾನು ಇದನ್ನ ಮುಚ್ಚಿಡಲ್ಲ.

ಓದುಗ_ಹಾಸನ:
ಮೇಷ್ಟ್ರೇ, ಕಾಂಬೋಡಿಯಾದ ಅಲ್ಪಸಂಖ್ಯಾತ ಚಾಮ್ ಮುಸ್ಲಿಮರನ್ನ ಬಿಡಬೇಡಿ. 2018ರಲ್ಲಿ ಖಮೇರ್ ರೂಜ್ ನಾಯಕರ ವಿಚಾರಣೆಗೆ ಅಂತಲೇ ಇದ್ದ ವಿಶೇಷ ಕೋರ್ಟು ನರಮೇಧ ಅಂತ ತೀರ್ಪು ಕೊಟ್ಟಿದ್ದು ಚಾಮರು ಮತ್ತು ವಿಯೆಟ್ನಾಮಿಯರ ವಿಷಯದಲ್ಲಿ. ಅಲ್ಲಿನ ಬಹುಸಂಖ್ಯಾತ ಖಮೇರರು ಖಮೇರರನ್ನೇ ಕೊಂದದ್ದು ನರಮೇಧದ ಕಾನೂನಿನ ಚೌಕಟ್ಟಿಗೆ ಬರಲಿಲ್ಲ.

ಸಮಾಜ_ಮೇಷ್ಟ್ರು:
ನಿಜ, ಹತ್ತನೇ ಕ್ಲಾಸಿಗೆ ಅದನ್ನೂ ಸೇರಿಸ್ತೀನಿ. ಒಂಬತ್ತಕ್ಕೆ ಸ್ವಲ್ಪ ಭಾರ.

ಮಲ್ನಾಡ್_ಅಮ್ಮ:
ತುಂಬಾ ಥ್ಯಾಂಕ್ಸ್. ಇವಳು ಮೊದಲು ಕೇಳೋದೇ "ಅವರಿಗೆ ಶಿಕ್ಷೆ ಆಯ್ತಾ" ಅಂತ.

ಸಮಾಜ_ಮೇಷ್ಟ್ರು:
ಚುಮ್ ಮೇ 2009ರಲ್ಲಿ ಡುಚ್ ಎದುರೇ ಸಾಕ್ಷಿ ಹೇಳಿದರು. ಅವನಿಗೆ 2010ರಲ್ಲಿ 35 ವರ್ಷ, ಮೇಲ್ಮನವಿಯಲ್ಲಿ ಜೀವಾವಧಿ. ಪೋಲ್ ಪಾಟ್ ಮಾತ್ರ ಈ ಕೋರ್ಟು ಹುಟ್ಟುವ ಮೊದಲೇ, 1998ರಲ್ಲಿ ಸತ್ತ. ಅವಳಿಗೆ ಸಿಟ್ಟು ಬರುತ್ತೆ, ಬರಲಿ.