ಹನ್ನೊಂದು ವರ್ಷದ ಟೆಸ್ಟಿಂಗ್ ಕೆಲಸ ಹೋಯಿತು, ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನ ಒಂದು ಐಟಿ ಸರ್ವೀಸ್ ಕಂಪನಿಯಲ್ಲಿ ಮ್ಯಾನ್ಯುಯಲ್ ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರನ್ನು ಕೈಯಾರೆ ಪರೀಕ್ಷಿಸುವ ಕೆಲಸ ಮಾಡುತ್ತಿದ್ದೆ. ಪ್ರಾಜೆಕ್ಟ್ ಮುಗಿದ ಮೇಲೆ ಬೇರೆ ಕೆಲಸ ಕೊಡದೆ ‘ಬೆಂಚಿನಲ್ಲಿ’ ಕೂರಿಸಿ, ಕೊನೆಗೆ ರಾಜೀನಾಮೆ ಬರೆಸಿಕೊಂಡರು. ನೌಕ್ರಿ ಎಂಬ ಉದ್ಯೋಗ ಜಾಲತಾಣದಲ್ಲಿ ದಿನಾ ಅರ್ಜಿ ಹಾಕುತ್ತೇನೆ, ಒಂದು ಕರೆಯೂ ಇಲ್ಲ. ಮನೆ ಸಾಲ ಇದೆ, ಅಪ್ಪ ಅಮ್ಮ ಜೊತೆಗಿದ್ದಾರೆ. ಈ ಹಾದಿ ದಾಟಿ ಬಂದವರು ದಯವಿಟ್ಟು ಹೇಳಿ.

ಉತ್ತರ 1, ನೇಮಕಾತಿ ಏಜೆನ್ಸಿಯಿಂದ

ನಾನು ಮೇಜಿನ ಆಚೆ ಬದಿಯಲ್ಲಿ ಕೂರುವವಳು. ಒಂದು ಹುದ್ದೆಗೆ ಬರುವ ಅರ್ಜಿಗಳನ್ನೆಲ್ಲ ತೆರೆದು ನೋಡಲು ನಮಗೆ ಆಗುವುದೇ ಇಲ್ಲ. ನೌಕ್ರಿಯೊಳಗೆ ನಾವೇ ಹುಡುಕುತ್ತೇವೆ: ಕೌಶಲ, ಊರು, ನೋಟಿಸ್ ಅವಧಿ, ಪ್ರೊಫೈಲ್ ಕೊನೆಗೆ ಯಾವಾಗ ಚಾಲ್ತಿಯಲ್ಲಿತ್ತು ಎಂದು ಸೋಸುತ್ತೇವೆ. ಹಾಗಾಗಿ ಅರ್ಜಿಗಳ ಹಿಂದೆ ಓಡುವ ಹೊತ್ತಿನಲ್ಲಿ ಸ್ವಲ್ಪವನ್ನು ಪ್ರೊಫೈಲ್ ತಿದ್ದುವುದಕ್ಕೆ ಕೊಡಿ. ಎಲ್ಲರೂ 90 ದಿನದ ನೋಟಿಸ್ ಹೊತ್ತು ಓಡಾಡುವ ಈ ಊರಿನಲ್ಲಿ ‘ತಕ್ಷಣ ಸೇರಬಲ್ಲೆ’ ಎಂಬುದು ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ. ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಮುಚ್ಚಿಡಬೇಡಿ.

ಇನ್ನೊಂದು ವಿಷಯ ಅಭ್ಯರ್ಥಿಗಳಿಗೆ ಯಾರೂ ಹೇಳುವುದಿಲ್ಲ. ನಿಮ್ಮ ರೆಸ್ಯೂಮೆಯನ್ನು ಎರಡು ಏಜೆನ್ಸಿಗಳು ಒಂದೇ ಕಂಪನಿಗೆ ಕಳಿಸಿದರೆ, ಯಾರ ಅಭ್ಯರ್ಥಿ ಎಂಬ ತಕರಾರು ಹುಟ್ಟುತ್ತದೆ. ಎಷ್ಟೋ ಸಲ ಕಂಪನಿ ಆ ಹೆಸರನ್ನೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಕಂಪನಿ ಯಾವುದು ಎಂದು ಕೇಳದೆ ರೆಸ್ಯೂಮೆ ಕಳಿಸಲು ಒಪ್ಪಿಗೆ ಕೊಡಬೇಡಿ. ಒಳಗಿನ ಪರಿಚಯದವರ ರೆಫರಲ್ ಸಿಗುವ ಹಾಗಿದ್ದರೆ ಮೊದಲು ಅದನ್ನೇ ಹಿಡಿಯಿರಿ.

ನಮ್ಮ ಶುಲ್ಕ ಬರುವುದು ಕಂಪನಿಯಿಂದ, ಸಾಮಾನ್ಯವಾಗಿ ವರ್ಷದ ಸಂಬಳದ ಶೇ. 8.33, ಅಂದರೆ ಒಂದು ತಿಂಗಳಿನಷ್ಟು. ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ನಿಮ್ಮಿಂದ ಹಣ ಕೇಳುವವರ ಫೋನು ಅಲ್ಲೇ ಇಟ್ಟುಬಿಡಿ.

ಉತ್ತರ 2, ಟೆಸ್ಟಿಂಗ್‌ನವರೇ

ನಾನೂ ಮ್ಯಾನ್ಯುಯಲ್‌ನಿಂದಲೇ ಬಂದವನು. ಎಲ್ಲ ಟೂಲ್‌ಗಳನ್ನೂ ಮೂಸಿ ನೋಡಲು ಹೋಗಬೇಡಿ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಗಟ್ಟಿ ಮಾಡಿಕೊಳ್ಳಿ, ಪೋಸ್ಟ್‌ಮನ್ ಟೂಲ್‌ನಲ್ಲಿ ಎಪಿಐ (ಎರಡು ಸಾಫ್ಟ್‌ವೇರ್‌ಗಳ ನಡುವಿನ ಕೊಂಡಿ) ಪರೀಕ್ಷೆ ಕಲಿಯಿರಿ, ಪರೀಕ್ಷೆಯನ್ನು ತಾನಾಗಿ ಓಡಿಸುವ ಸೆಲೆನಿಯಂ ಅಥವಾ ಪ್ಲೇರೈಟ್‌ನಲ್ಲಿ ಒಂದನ್ನು ಹಿಡಿದು ಕೂತುಬಿಡಿ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಚಿಕ್ಕದಾದರೂ ಓಡುವ ಒಂದು ಟೆಸ್ಟಿಂಗ್ ಫ್ರೇಮ್‌ವರ್ಕ್ ಇರಲಿ. ಸಂದರ್ಶನದಲ್ಲಿ ನನ್ನನ್ನು ಅರ್ಧ ಗಂಟೆ ಅದರ ಮೇಲೇ ಕೇಳಿದರು.

ಆದರೆ ನಿಮ್ಮ ನಿಜವಾದ ಆಸ್ತಿ ಹನ್ನೊಂದು ವರ್ಷ ನೋಡಿದ ಡೊಮೈನ್, ಅಂದರೆ ವ್ಯವಹಾರದ ಕ್ಷೇತ್ರ. ಬ್ಯಾಂಕಿಂಗೋ, ವಿಮೆಯೋ, ಆಸ್ಪತ್ರೆಯೋ? ದೇಶದಲ್ಲಿ 1,700ಕ್ಕೂ ಹೆಚ್ಚು ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳಿವೆ, ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲೇ. ಪಾವತಿ ವ್ಯವಸ್ಥೆ ಎಲ್ಲಿ ಮುರಿಯುತ್ತದೆ ಎಂದು ಬಲ್ಲ ಟೆಸ್ಟರ್ ಅವರಿಗೆ ಬೇಕು. ಟೆಸ್ಟ್ ಕೇಸ್ ಬರೆದುಕೊಡುವ ಕೆಲಸವನ್ನು ಎಐ ಈಗಾಗಲೇ ಬಹಳಷ್ಟು ಮಾಡುತ್ತದೆ. ಯಾವುದನ್ನು ಪರೀಕ್ಷಿಸಬೇಕು ಎಂಬ ಅಂದಾಜು ನಿಮ್ಮದು, ರೆಸ್ಯೂಮೆಯಲ್ಲಿ ಕಾಣಬೇಕಾದ್ದು ಅದು.

ಉತ್ತರ 3, ಕಾಂಟ್ರ್ಯಾಕ್ಟ್ ಮೇಲೆ ಸೇರಿದವರು

ಮನೆ ಸಾಲ ಇರುವಾಗ ಕಾಂಟ್ರ್ಯಾಕ್ಟ್ ಕೆಲಸ ಬಂದರೆ ತಳ್ಳಿಹಾಕಬೇಡಿ. ಪಿಎಫ್ ಮೊದಲ ತಿಂಗಳಿಂದಲೇ ಕಟ್ಟುತ್ತಾರಾ, ಸಂಬಳ ಕೊಡುವ ಸಂಸ್ಥೆ ಯಾವುದು, ಎರಡನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಪ್ಪ ಅಮ್ಮನ ವಿಮೆ ಕಂಪನಿಯದಾಗಿತ್ತೇ? ಕೆಲಸ ಬಿಟ್ಟ ದಿನಕ್ಕೇ ಸಾಮಾನ್ಯವಾಗಿ ಅದೂ ಮುಗಿಯುತ್ತದೆ. ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶವಿದೆ, ಅರ್ಜಿಯನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೊಡಬೇಕು. ನನ್ನನ್ನು ಕೇಳಿದರೆ ಉಳಿದೆಲ್ಲಕ್ಕಿಂತ ಮೊದಲು ಇದನ್ನು ವಿಚಾರಿಸಿ.

ಉತ್ತರ 4, ಹುಬ್ಬಳ್ಳಿಯಿಂದ

ಥೈಲ್ಯಾಂಡ್‌ನ್ಯಾಗ ಕಂಪ್ಯೂಟರ್ ಕೆಲಸ, ಕೈತುಂಬ ಪಗಾರ ಅಂತ ಮೆಸೇಜ್ ಬಂದ್ರ ನಂಬಬ್ಯಾಡ್ರಿ. ಟೂರಿಸ್ಟ್ ವೀಸಾದ ಮ್ಯಾಲೆ ಕರಕೊಂಡು ಹೋಗಿ, ಮ್ಯಾನ್ಮಾರ್ ಗಡಿ ದಾಟಿಸಿ ಸೈಬರ್ ಮೋಸದ ಕೆಲಸಕ್ಕ ಹಚ್ಚತಾರ. ಏಜೆಂಟ್ ನೋಂದಣಿ ಆದಾಂವ ಹೌದೋ ಅಲ್ಲೋ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನ್ಯಾಗ ನೋಡ್ರಿ. ರೊಕ್ಕ ಹೋದ್ರ ತಡಾ ಮಾಡದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ.

ಕೇಳಿದವರು

ಎಲ್ಲರಿಗೂ ವಂದನೆ. ಹೆಲ್ತ್‌ಕೇರ್ ಕ್ಲೇಮ್ಸ್, ಅಂದರೆ ಚಿಕಿತ್ಸೆ ವೆಚ್ಚದ ವಿಮಾ ಕ್ಲೇಮ್‌ಗಳು ನನ್ನ ಡೊಮೈನ್. ಹಳೆ ಕಂಪನಿ ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕವನ್ನೇ ಹಾಕಿಲ್ಲ. ತೊಂದರೆಯಾಗುತ್ತಾ?

ಉತ್ತರ 1ರವರಿಂದ ಮತ್ತೆ

ಆಗಬಹುದು. ಹಿನ್ನೆಲೆ ಪರಿಶೀಲನೆಯಲ್ಲಿ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಸೇವಾ ಇತಿಹಾಸವನ್ನು ನೋಡುತ್ತಾರೆ. ಹಳೆ ಮತ್ತು ಹೊಸ ಕೆಲಸದ ದಿನಾಂಕ ಒಂದರ ಮೇಲೊಂದು ಬಿದ್ದರೆ ವಿವರಣೆ ಕೇಳುತ್ತಾರೆ. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರ ಪೋರ್ಟಲ್‌ನ ‘ಮಾರ್ಕ್ ಎಕ್ಸಿಟ್’ನಲ್ಲಿ ನೀವೇ ದಿನಾಂಕ ದಾಖಲಿಸಬಹುದು, ಆಧಾರ್ ಓಟಿಪಿ ಸಾಕು. ರಿಲೀವಿಂಗ್ ಪತ್ರದಲ್ಲಿರುವ ದಿನಾಂಕವೇ ಅಲ್ಲೂ ಇರಲಿ. ಕ್ಲೇಮ್ಸ್ ಅನುಭವವನ್ನು ಪ್ರೊಫೈಲ್‌ನ ಶೀರ್ಷಿಕೆಗೇ ಸೇರಿಸಿ.